ರಾತ್ರಿ ನಿಲ್ಲಿಸಿದ ಕಾರು ಬೆಳಗ್ಗೆ ಬೇಗ ಸ್ಟಾರ್ಟ್ ಆಗದಿದ್ದದ್ದು ಯಾಕೆ?

ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೆ, ಗಾಳಿ ಒಳಹೋಗುವ ದಾರಿಯಲ್ಲಿ ಪೆಟ್ರೋಲ್ ಚಿಮ್ಮಿಸುವ) ಪೆಟ್ರೋಲ್ ಕಾರು. ಬೆಳಗ್ಗೆ ಎಂಟ್ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಬೇಕು, ಬಿಸಿಯಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಕೀಯನ್ನು ಎರಡೆರಡು ಸೆಕೆಂಡ್ ಆನ್ ಮಾಡಿ ಆಫ್ ಮಾಡುವುದನ್ನು ಮೂರು ಸಲ ಮಾಡಿ ಸೆಲ್ಫ್ ಹೊಡೆದರೆ ತಕ್ಷಣ ಹಿಡಿಯಿತು. ಕೀ ಆನ್ ಮಾಡಿದಾಗಲೆಲ್ಲ ಪೆಟ್ರೋಲ್ ಪಂಪು ಕೆಲ ಕ್ಷಣ ಓಡಿ ಲೈನಿಗೆ ಒತ್ತಡ ತುಂಬುತ್ತದೆ. ಅಂದರೆ ಪಂಪು ಸರಿಯಿದೆ, ನಿಲ್ಲಿಸಿದ ಮೇಲೆ ಲೈನಿನ ಒತ್ತಡ ಸೋರಿಹೋಗುತ್ತಿದೆ.

ಎಂಜಿನ್ ಓಡುತ್ತಿರುವಾಗಲೇ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಂತ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕಿನಿಂದ ಬರುವ ಪೈಪಿಗೂ ಇಂಜೆಕ್ಟರ್‌ಗಳಿಗೆ (ಪೆಟ್ರೋಲ್ ಚಿಮ್ಮಿಸುವ ನಳಿಕೆಗಳಿಗೆ) ಅದನ್ನು ಹಂಚುವ ರೈಲಿಗೂ ನಡುವೆ ಒತ್ತಡ ಅಳೆಯುವ ಗೇಜ್ ಸೇರಿಸಿದೆ. ಗೇಜಿಗಿಂತ ಟ್ಯಾಂಕಿನ ಕಡೆಗೆ ಒಂದು ಬಂದ್ ವಾಲ್ವ್ ಇರಲೇಬೇಕು. ವಾಲ್ವ್ ಬದಲಿಗೆ ನೈಲಾನ್ ಪೈಪನ್ನು ಇಕ್ಕಳದಿಂದ ಅದುಮಬೇಡಿ, ಸೀಳುತ್ತದೆ.

ಫ್ಯೂಸ್, ಬ್ಯಾಟರಿ ಮತ್ತೆ ಹಾಕಿ ಓಡಿಸಿದಾಗ ಒತ್ತಡ 3.5 ಬಾರ್. ಆಫ್ ಮಾಡಿದ ಹತ್ತು ನಿಮಿಷಕ್ಕೆ 1 ಬಾರ್‌ಗಿಂತ ಕೆಳಗೆ. ಮತ್ತೆ ಒತ್ತಡ ತುಂಬಿಸಿ ವಾಲ್ವ್ ಬಂದ್ ಮಾಡಿ ಟ್ಯಾಂಕಿನ ಕಡೆಯನ್ನು ಬೇರ್ಪಡಿಸಿದರೆ ಮುಳ್ಳು ಅಲ್ಲಾಡಲಿಲ್ಲ. ಆಗಲೂ ಇಳಿದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ ಎಂದರ್ಥ. ಆ ಸಿಲಿಂಡರಿನ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ನಾರುತ್ತದೆ. ಇಲ್ಲಿ ತಪ್ಪು ಟ್ಯಾಂಕಿನೊಳಗೆ: ಪೆಟ್ರೋಲ್ ವಾಪಸ್ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ಅಥವಾ ಪಂಪು ಕೂತಿರುವ ಅದೇ ಮಾಡ್ಯೂಲಿನಲ್ಲಿ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್. ಎರಡನ್ನೂ ಬೇರೆ ಮಾಡಿ ರಿಪೇರಿ ಮಾಡುವುದು ದಂಡ. ಪೂರ್ತಿ ಮಾಡ್ಯೂಲನ್ನೇ ಬದಲಿಸಿದೆ.

ಮಾಡ್ಯೂಲ್ ತೆಗೆಯುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆಯಿರಲಿ. ಅದನ್ನು ಟ್ಯಾಂಕಿಗೆ ಹಿಡಿದಿಡುವ ಲಾಕ್ ರಿಂಗ್ ತಿರುಗಿಸಲು ಹಿತ್ತಾಳೆ ಸರಳು ಬಳಸಿ. ಉಕ್ಕಿನದಾದರೆ ಕಿಡಿ ಹಾರೀತು. ರಬ್ಬರ್ ಸೀಲ್ ಹೊಸದೇ ಬೇಕು, ಹಳೆಯದು ಉಬ್ಬಿರುವುದರಿಂದ ತನ್ನ ತೋಡಿನಲ್ಲಿ ಕೂರುವುದಿಲ್ಲ.

ಈಗ ಹತ್ತು ನಿಮಿಷದ ನಂತರವೂ 3.2 ಬಾರ್. ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರಿನೊಳಗೇ ಪೆಟ್ರೋಲ್ ಚಿಮ್ಮಿಸುವ) ಕಾರಿನ ರೈಲಿಗೆ ಮಾತ್ರ ಹೀಗೆ ಕೈಹಾಕಬೇಡಿ, ಅಲ್ಲಿ ಒತ್ತಡ ನೂರು ಬಾರ್ ದಾಟುತ್ತದೆ.