ವಾರದ ಸ್ನಾನ ಬಿಟ್ಟ ಮೇಲೆ ನನ್ನ ಸ್ಫಿಂಕ್ಸ್‌ನ ಚರ್ಮ ಸರಿಹೋದ ಬಗೆ

ಸ್ಫಿಂಕ್ಸ್‌ಗೆ, ಅಂದರೆ ಮೈಮೇಲೆ ಕೂದಲಿಲ್ಲದ ಜಾತಿಯ ಬೆಕ್ಕಿಗೆ, ವಾರಕ್ಕೊಂದು ಸ್ನಾನ ತಪ್ಪಿದರೆ ಮನೆಯೆಲ್ಲ ಜಿಡ್ಡು, ವಾಸನೆ ಎಂದು ಸಾಕುವವರೆಲ್ಲ ಹೇಳುತ್ತಾರೆ. ಬೆಂಗಳೂರಿನ ಹವೆಯಲ್ಲಿ ನಾನು ಅದನ್ನು ಮೂರು, ಚಳಿಗಾಲದಲ್ಲಿ ನಾಲ್ಕು ವಾರಕ್ಕೊಮ್ಮೆಗೆ ಇಳಿಸಿದ್ದೇನೆ. ಬೆಕ್ಕು ಮಲಗುವುದು ಬಿಳಿ ಪಂಚೆಯ ಮೇಲೆ. ನಗುತ್ತಿದ್ದವರು ಈಗ ಆ ಪಂಚೆ ನೋಡಿ ಸುಮ್ಮನಾಗಿದ್ದಾರೆ.

ಉಪಾಯ ಇಷ್ಟೇ: ಚರ್ಮದ ಎಣ್ಣೆ ಹೀರುವುದು ಬೇರೆ ಬೆಕ್ಕುಗಳಲ್ಲಿ ಕೂದಲಿನ ಕೆಲಸ, ಇಲ್ಲಿ ಅದನ್ನು ಹತ್ತಿ ಬಟ್ಟೆಗೆ ವಹಿಸಬೇಕು. ಮಲಗುವ ಪಂಚೆಯನ್ನು ಎರಡು ದಿನಕ್ಕೊಮ್ಮೆ ಬದಲಿಸುತ್ತೇನೆ. ಚಳಿ ಇದ್ದರೆ ಮಕ್ಕಳ ತೋಳಿಲ್ಲದ ಹತ್ತಿ ಬನಿಯನ್ ಹಾಕುತ್ತೇನೆ, ಅದು ದಿನವೂ ಬದಲು. ಒಗೆಯಲು ಸ್ವಲ್ಪವೇ ಪುಡಿ, ಎರಡು ಸಲ ಜಾಲಿಸುವುದು, ಪರಿಮಳದ ಕಂಡೀಷನರ್ ಬೇಡವೇ ಬೇಡ. ಫ್ಲೀಸ್ ಸ್ವೆಟರ್ ನೋಡಲು ಚೆಂದ, ಆದರೆ ನನ್ನ ಬೆಕ್ಕಿಗೆ ಆಗಿಬರಲಿಲ್ಲ. ನಾಲ್ಕೈದು ದಿನದಲ್ಲಿ ಬೆನ್ನ ಮೇಲೆ ಕಪ್ಪು ಚುಕ್ಕೆ ಎದ್ದವು.

ಇದಕ್ಕೆ ಮುಂಚೆ ದುಡ್ಡು ಸಾಕಷ್ಟು ಹೋಗಿದೆ. ಬೇಬಿ ವೈಪ್ಸ್‌ಗೇ ತಿಂಗಳಿಗೆ ಐನೂರು ರೂಪಾಯಿ ಮೇಲೆ. ಪರಿಮಳ ಇದ್ದದ್ದಕ್ಕೆ ತೊಡೆಸಂದು ಕೆಂಪಾಯಿತು. ಮಕ್ಕಳ ಸೋಪಿಗೆ ಚರ್ಮ ಒಣಗಿ ಹೊಟ್ಟು ಉದುರಿತು. ಮನೆಯ ಹಿರಿಯರ ಒತ್ತಾಯಕ್ಕೆ ಕೊಬ್ಬರಿ ಎಣ್ಣೆಯೂ ಆಯಿತು: ಗದ್ದದಲ್ಲಿ, ಬಾಲದ ಬುಡದಲ್ಲಿ ರಂಧ್ರ ಕಟ್ಟಿಕೊಂಡು ಮೊಡವೆ. ಕಡಲೆಹಿಟ್ಟು ಎಣ್ಣೆ ತೆಗೆಯುತ್ತದೆ ನಿಜ, ಆದರೆ ಮಡಿಕೆಯೊಳಗೆ ಅಂಟಾಗಿ ಕೂರುತ್ತದೆ. ಸೀಗೆಕಾಯಿಯ ಮಾತು ಎತ್ತಬೇಡಿ, ರೆಪ್ಪೆಗೂದಲಿಲ್ಲದ ಕಣ್ಣದು. ಟೀ ಟ್ರೀ ಎಣ್ಣೆ, ಫೀನಾಲ್ ಬೆರೆತ ದ್ರಾವಣ, ನಾಯಿಗೆ ಉಣ್ಣೆ, ಚಿಗಟಕ್ಕೆಂದು ಹಚ್ಚುವ ಪರ್ಮೆಥ್ರಿನ್ ಇವೆಲ್ಲ ಬೆಕ್ಕಿಗೆ ವಿಷ, ಅವುಗಳ ಪ್ರಯೋಗ ಯಾರೂ ಮಾಡಬೇಡಿ.

ದಿನ ಬಿಟ್ಟು ದಿನ ಒರೆಸುವುದು ಮಾತ್ರ ತಪ್ಪಿಸುವುದಿಲ್ಲ. ಹಳೆ ಪಂಚೆಯನ್ನು ಅಂಗೈ ಅಗಲಕ್ಕೆ ಹರಿದು, ಬೆಚ್ಚನೆ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಕುತ್ತಿಗೆ, ಕಂಕುಳು, ತೊಡೆಸಂದು, ಬಾಲದ ಬುಡ ಒರೆಸಬೇಕು. ಹಿಂದೆಯೇ ಒಣ ಬಟ್ಟೆ. ಮಡಿಕೆಯಲ್ಲಿ ತೇವ ಉಳಿದರೆ ಚರ್ಮದ ಮೇಲಿನ ಮಲಸೀಜಿಯಾ ಎಂಬ ಯೀಸ್ಟ್ (ಒಂದು ಶಿಲೀಂಧ್ರ) ಹೆಚ್ಚುತ್ತದೆ: ಕಂದು ಜಿಡ್ಡು, ಹುಳಿ ವಾಸನೆ, ಕೆರೆತ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಈ ಕಾಟ ಹೆಚ್ಚು, ಅಲ್ಲಿ ನನ್ನ ಮೂರು ವಾರದ ಲೆಕ್ಕ ನಡೆಯಲಿಕ್ಕಿಲ್ಲ. ಯೀಸ್ಟ್ ಬಂದೇಬಿಟ್ಟರೆ ವೈದ್ಯರು ಚರ್ಮದ ಜಿಡ್ಡನ್ನು ಸ್ಲೈಡ್‌ಗೆ ಒತ್ತಿ ನೋಡಿ ಹೇಳಲಿ. ಸಾಮಾನ್ಯವಾಗಿ ಕೊಡುವುದು ಶೇ. 2 ಕ್ಲೋರ್‌ಹೆಕ್ಸಿಡಿನ್, ಶೇ. 2 ಮೈಕೊನಜೋಲ್ ಇರುವ ಶಾಂಪೂ. ಹಚ್ಚಿ ಹತ್ತು ನಿಮಿಷ ಬಿಡದೆ ತೊಳೆದರೆ ಬಾಟಲಿಗೆ ಕೊಟ್ಟ ಆರುನೂರು, ಏಳುನೂರು ನೀರಿಗೆ ಹೋದ ಹಾಗೆ. ಆ ಹತ್ತು ನಿಮಿಷ ಬೆಕ್ಕನ್ನು ನಾನು ಹೇಗೆ ಕೂರಿಸುತ್ತೇನೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸ್ನಾನದ ದಿನ ಮೊದಲು ಉಗುರು ಕತ್ತರಿಸಿ, ಉಗುರ ಬುಡದ ಕಂದು ಕೊಳೆಯನ್ನು ಒದ್ದೆ ಹತ್ತಿಯಿಂದ ತೆಗೆದುಬಿಡಿ. ನೀರು 37–38 ಡಿಗ್ರಿ, ಬೆಕ್ಕಿನ ಮೈಬಿಸಿಗಿಂತ ಸ್ವಲ್ಪ ಕಡಿಮೆ. ಶಾಂಪೂ ಒಂದು ಪಾಲಿಗೆ ನೀರು ಐದು ಪಾಲು. ಔಷಧದ ಶಾಂಪೂ ಆದರೆ ಲೇಬಲ್ ಹೇಳಿದಂತೆ. ಕಂಕುಳನ್ನು ಎರಡು ಸಲ ತೊಳೆಯಿರಿ, ನೊರೆ ಉಳಿಯುವುದು ಅಲ್ಲೇ.

ಕಿವಿ ವಾರಕ್ಕೊಮ್ಮೆ. ಈ ಜಾತಿಗೆ ಎಣ್ಣೆಎಣ್ಣೆಯಾದ ಕಂದು ಗುಗ್ಗೆ ಸಹಜ. ಕಾಫಿ ಗಷ್ಟಿನ ಹಾಗೆ ಒಣ ಪುಡಿ, ಜೊತೆಗೆ ತಲೆ ಕೊಡವುವುದು ಕಂಡರೆ ಹುಳ ಇರಬಹುದು, ತೋರಿಸಿ. ಕಿವಿ ಶುಚಿಮಾಡುವ ದ್ರಾವಣ ಹಾಕಿ ಕಿವಿಯ ಬುಡ ಅರ್ಧ ನಿಮಿಷ ನೀವಿ, ಅದೇ ತಲೆ ಕೊಡವಲಿ, ಮೇಲೆ ಬಂದದ್ದನ್ನಷ್ಟೇ ಒರೆಸಿ. ಇಯರ್ ಬಡ್ ಒಳಗೆ ಹೋಗಕೂಡದು.

ಬೆಚ್ಚಗಿನ ಜಾಗ ಹುಡುಕುವುದು ಇದರ ಹುಟ್ಟುಗುಣ. ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ನಿಮ್ಮ ಕಂಕುಳು, ಯಾವುದಾದರೂ ಸರಿ. ಇಡೀ ದಿನ ಹೊದಿಕೆಯೊಳಗೇ ಇದ್ದರೆ ಕೋಣೆ ತಂಪಾಗಿದೆ ಅಂತ. ನಾನು 24 ಡಿಗ್ರಿಗಿಂತ ಕೆಳಗೆ ಬಿಡುವುದಿಲ್ಲ. ಥರ್ಮೋಸ್ಟಾಟ್ ಇಲ್ಲದ ಹೀಟಿಂಗ್ ಪ್ಯಾಡ್ ಚರ್ಮ ಸುಡುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತರ ಮೇಲೆ ಬಾಲ್ಕನಿ ಬಂದ್. ಒಂಟಿಯಾಗಿ ಬಿಟ್ಟರೆ ಕೂಗಿ ಕೂಗಿ ಇಡುತ್ತದೆ, ದಿನವಿಡೀ ಆಫೀಸಿಗೆ ಹೋಗುವವರು ಜೊತೆಗೆ ಇನ್ನೊಂದು ಬೆಕ್ಕು ಇಟ್ಟುಕೊಳ್ಳಿ.

ಮೈಬಿಸಿ ಬೇಗ ಸೋರುವುದರಿಂದ ಊಟ ಜಾಸ್ತಿ. ನಾಲ್ಕು ಕೆಜಿ ಬೆಕ್ಕಿಗೆ ಸುಮಾರು 300 ಕ್ಯಾಲರಿ, ನಾಲ್ಕು ಹೊತ್ತಿಗೆ ಹಂಚಿ, ವಾರಕ್ಕೊಮ್ಮೆ ತೂಕ ನೋಡಿ ಹೆಚ್ಚುಕಡಿಮೆ ಮಾಡುತ್ತೇನೆ. ಪ್ಲಾಸ್ಟಿಕ್ ಬಟ್ಟಲು ತೆಗೆದು ಸ್ಟೀಲ್ ಇಟ್ಟ ಮೇಲೆ ಗದ್ದದ ಮೊಡವೆ ತಗ್ಗಿತು. ಮೊಸರನ್ನದಲ್ಲಿ ಬೆಕ್ಕು ಬದುಕುವುದಿಲ್ಲ: ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣೂ ಹೋಗುತ್ತದೆ, ಹೃದಯವೂ ಹಿಗ್ಗುತ್ತದೆ. ಬರೀ ಬೇಯಿಸಿದ ಕೋಳಿಯಲ್ಲೂ ಕ್ಯಾಲ್ಸಿಯಂ ಸಾಲದು. ಮರಿಗೆ ಭೇದಿ ನಿಲ್ಲದಿದ್ದರೆ ಜಂತುಮಾತ್ರೆಯನ್ನೇ ಮತ್ತೆ ಮತ್ತೆ ನುಂಗಿಸಬೇಡಿ, ಟ್ರೈಟ್ರೈಕೊಮೊನಾಸ್ ಎಂಬ ಕರುಳಿನ ಪರಾವಲಂಬಿ ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡಿಸಿ.

ವೈಪ್ಸ್ ಬಿಟ್ಟು ಉಳಿದ ದುಡ್ಡು ಈಗ ಎಕೋಗೆ, ಅಂದರೆ ಹೃದಯದ ಸ್ಕ್ಯಾನಿಗೆ ಹೋಗುತ್ತದೆ. ಈ ಜಾತಿಯಲ್ಲಿ ಹೃದಯದ ಗೋಡೆ ದಪ್ಪಗಾಗುವ ಎಚ್‌ಸಿಎಂ ಹೆಚ್ಚು, ಸ್ಟೆತಸ್ಕೋಪಿಗೆ ಸಿಗದೆಯೂ ಇರಬಹುದು. ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸುತ್ತೇನೆ, ಮೂರು–ನಾಲ್ಕು ಸಾವಿರ ಬೀಳುತ್ತದೆ. ಎಡ ಕುಹರದ ಗೋಡೆ 6 ಮಿ.ಮೀ. ಮುಟ್ಟಿದರೆ ಹೃದಯದ ವೈದ್ಯರ ಕೈಯಲ್ಲಿರಬೇಕು. ಮನೆಯಲ್ಲಿ, ನಿದ್ದೆಯಲ್ಲಿದ್ದಾಗ 15 ಸೆಕೆಂಡಿನ ಉಸಿರು ಎಣಿಸಿ ನಾಲ್ಕರಿಂದ ಗುಣಿಸಿ; ನಿಮಿಷಕ್ಕೆ 30 ದಾಟಿದ್ದು ಹಾಗೇ ಮುಂದುವರಿದರೆ ಅಂದೇ ಫೋನ್ ಮಾಡಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ಹಿಂಗಾಲು ಏಕಾಏಕಿ ತಣ್ಣಗಾಗಿ ಎಳೆದಾಡಿದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ. ನೋವಿಗೆಂದು ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಅದೂ ವಿಷ.