ಕಾಯೋಣ ಎಂದು ಹೇಳುವುದನ್ನು ನಾನು ಬಿಟ್ಟದ್ದು

ಎರಡೂವರೆ ವರ್ಷದ ಆ ಹುಡುಗ ಶಿರಸಿಯ ನನ್ನ ಚಿಕಿತ್ಸಾಲಯದಲ್ಲಿ ಮೇಜಿನ ಕೆಳಗೆ ಕೂತು, ಅಜ್ಜಿಯ ಕವಳದ ಸಂಚಿಯಿಂದ ತೆಗೆದ ಅಡಿಕೆ ಹೋಳುಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸುತ್ತಿದ್ದ. ಹೆಸರು ಹಿಡಿದು ಮೂರು ಸಲ ಕರೆದರೂ ತಿರುಗಲಿಲ್ಲ. ಹೊರಗೆ ಯಾರೋ ಬಿಸ್ಕೆಟ್ ಪೊಟ್ಟಣ ಬಿಚ್ಚಿದ ಸದ್ದಿಗೆ ಮಾತ್ರ ತಟ್ಟನೆ ಎದ್ದ. ಬಾಗಿಲು ತೆರೆಯಬೇಕೆನಿಸಿದಾಗ ಆಯಿಯ, ಅಂದರೆ ಅಮ್ಮನ, ಮುಖ ನೋಡದೆ, ಅವಳ ಕೈಯನ್ನು ಎಳೆದು ಚಿಲಕದ ಮೇಲಿಟ್ಟ. "ಇವನ ಅಪ್ಪನಿಗೂ ಮಾತು ಬಂದದ್ದು ತಡವೇ, ಡಾಕ್ಟ್ರೇ" ಎಂದು ಅಜ್ಜಿ ಹೇಳಿದರು. ನಾನೂ ಒಪ್ಪಿ, ಇನ್ನಾರು ತಿಂಗಳು ಕಾಯೋಣ ಎಂದೆ. ಅವರು ಮರಳಿ ಬಂದದ್ದು ವರ್ಷದ ಮೇಲೆ. ಅವನಿಗಿದ್ದದ್ದು ಆಟಿಸಂ, ಅಂದರೆ ಇತರರೊಂದಿಗಿನ ಒಡನಾಟ ಮತ್ತು ಸಂವಹನ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ನಾನು ಕಣ್ಣಾರೆ ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಮಗುವಿನ ಒಂದು ವರ್ಷ ಕಳೆದೆ.

ಮಾತು ತಡವೆಂದು ಬರುವ ಪ್ರತಿ ಮಗುವಿಗೂ ಈಗ ಮೊದಲು ಶ್ರವಣ ಪರೀಕ್ಷೆ ಮಾಡಿಸುತ್ತೇನೆ. 16ರಿಂದ 30 ತಿಂಗಳೊಳಗಿನ ಮಕ್ಕಳಾದರೆ ಆಟಿಸಂನ ಸಂಶಯವಿದೆಯೇ ಎಂದು ತಿಳಿಯಲು ಹೆತ್ತವರನ್ನು ಕೇಳುವ ಎಂ-ಚಾಟ್-ಆರ್ ಎಂಬ ಪ್ರಶ್ನಾವಳಿಯ 20 ಪ್ರಶ್ನೆಗಳನ್ನು ಕೇಳುತ್ತೇನೆ. "ಬೆರಳು ತೋರಿಸುತ್ತಾನೆಯೇ" ಎಂದರೆ ಹೆಚ್ಚಿನ ತಾಯಂದಿರು ಹೌದೆನ್ನುತ್ತಾರೆ. "ತೋಟಕ್ಕೆ ನವಿಲು ಬಂದರೆ, ನೀವೂ ನೋಡಲೆಂದು ಅದರತ್ತ ಬೆರಳು ತೋರಿಸಿ, ನಿಮ್ಮ ಮುಖ ನೋಡುತ್ತಾನೆಯೇ" ಎಂದು ಕೇಳಿದಾಗ ಕೆಲವರು ಸುಮ್ಮನಾಗುತ್ತಾರೆ. ಇದು ಸಂಶಯವನ್ನು ಹಿಡಿಯುವ ಜರಡಿಯಷ್ಟೇ, ರೋಗನಿರ್ಣಯವಲ್ಲ. ಅದಕ್ಕೆ ಮಗುವಿನ ಬೆಳವಣಿಗೆಯ ಪೂರ್ಣ ಇತಿಹಾಸ, ನೇರ ಅವಲೋಕನ ಮತ್ತು ಮನಶ್ಶಾಸ್ತ್ರಜ್ಞರ ಪರೀಕ್ಷೆ ಬೇಕು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಆಟಿಸಂ ತಿಳಿಯುವುದಿಲ್ಲ.

ಕಾರಣ ಕೇಳುವಾಗ ತಾಯಂದಿರ ದನಿಯಲ್ಲಿ ಅಪರಾಧಿ ಭಾವ ಇರುತ್ತದೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಎರಡರಲ್ಲೂ ಆನುವಂಶಿಕತೆಯ ಪಾಲೇ ದೊಡ್ಡದು. ಅವಧಿಗೆ ಬಹಳ ಮೊದಲೇ ಹುಟ್ಟುವುದೂ ಅಪಾಯವನ್ನು ಹೆಚ್ಚಿಸುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂಬ ಕಾರಣಕ್ಕೆ ಯಾರಿಗೂ ಆಟಿಸಂ ಬರುವುದಿಲ್ಲ. ಆಟಿಸಂಗೆ ದಡಾರದ ಲಸಿಕೆಯನ್ನು ದೂರಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು ಎಂಬುದನ್ನು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ, ಏಕೆಂದರೆ ಆ ಭಯದಿಂದ ತಂಗಿಯ ದಡಾರ ಚುಚ್ಚುಮದ್ದು ತಪ್ಪಿಸಿದ ಮನೆಯನ್ನು ನೋಡಿದ್ದೇನೆ.

ಆಟಿಸಂನ ಮೂಲ ಲಕ್ಷಣಗಳಿಗೆ ಔಷಧವಿಲ್ಲ. ಆ ಹುಡುಗನಿಗೆ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಸ್ಪೀಚ್ ಥೆರಪಿ ಕೊಡಿಸಿದರಾದರೂ, ಹೆಚ್ಚು ಕೆಲಸವಾದದ್ದು ಅಡುಗೆಮನೆಯಲ್ಲಿ. ದೋಸೆಯನ್ನು ಇಡಿಯಾಗಿ ಬಡಿಸದೆ ಚೂರು ಕೊಟ್ಟು, "ದೋಸೆ" ಎಂದು ಹೇಳಿ, ಅವನಿಂದ ಒಂದು ನೋಟವೋ ಕೈಸನ್ನೆಯೋ ಸದ್ದೋ ಬರುವವರೆಗೆ ಐದಾರು ಎಣಿಕೆಯಷ್ಟು ಹೊತ್ತು ತಡೆದು, ಬಂದೊಡನೆ ಮುಂದಿನ ಚೂರು ಕೊಡುವುದನ್ನು ಆಯಿ ರೂಢಿಸಿಕೊಂಡರು. ಹೀಗೆ ಮೊದಲ ಪದ ಬರಲು ಐದು ತಿಂಗಳು ಹಿಡಿಯಿತು.

ಎಡಿಎಚ್‌ಡಿಯಲ್ಲಿ ನನ್ನ ಎಚ್ಚರಿಕೆ ಬೇರೆಯದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಆರಂಭವಾಗಿ, ಆರು ತಿಂಗಳಾದರೂ ಮುಂದುವರಿದು, ಮನೆ ಶಾಲೆ ಎರಡೂ ಕಡೆ ತೊಡಕು ಉಂಟುಮಾಡುತ್ತಿರಬೇಕು. ಆದ್ದರಿಂದ ಶಿಕ್ಷಕರ ಪತ್ರವಿಲ್ಲದೆ ನಾನು ತೀರ್ಮಾನಿಸುವುದಿಲ್ಲ. ಗಲಾಟೆ ಮಾಡದೆ ಕಿಟಕಿ ನೋಡುತ್ತ ಕೂರುವ ಹುಡುಗಿಯರು ಯಾರ ಗಮನಕ್ಕೂ ಬಾರದೆ ಉಳಿಯುತ್ತಾರೆಂಬುದು ನನ್ನನ್ನು ಈಗಲೂ ಕಾಡುತ್ತದೆ.

ಅಡಿಕೆ ಜೋಡಿಸುತ್ತಿದ್ದ ಹುಡುಗನಿಗೆ ಏಳನೆಯ ವರ್ಷದಲ್ಲಿ ಎಡಿಎಚ್‌ಡಿಯೂ ಇದೆಯೆಂದು ಖಚಿತವಾಯಿತು. ಎರಡನ್ನೂ ಒಟ್ಟಿಗೆ ಗುರುತಿಸಲು ಅಮೆರಿಕದ ಮನೋವೈದ್ಯರ ಕೈಪಿಡಿ ಒಪ್ಪಿದ್ದು 2013ರ ಆವೃತ್ತಿಯಲ್ಲಿ. ಮನೋವೈದ್ಯರು ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧ ಆರಂಭಿಸಿದರು. ಅದು ಹಸಿವನ್ನು ಕುಗ್ಗಿಸುವುದರಿಂದ ಬೆಳಗಿನ ದೋಸೆಯಾದ ಮೇಲೆಯೇ ಮಾತ್ರೆ ಕೊಡಲು ಹೇಳಿದ್ದೇನೆ. ಎತ್ತರ, ತೂಕ, ನಾಡಿ, ರಕ್ತದೊತ್ತಡ ನೋಡಲು ಅವನನ್ನು ನಿಯಮಿತವಾಗಿ ಕರೆಸುತ್ತೇನೆ. ಬಂದಾಗಲೆಲ್ಲ ತೂಕದ ಯಂತ್ರ ಹತ್ತಿ, ಮುಳ್ಳಿನತ್ತ ಬೆರಳು ತೋರಿಸಿ, ಆಯಿಯ ಮುಖ ನೋಡುತ್ತಾನೆ.