ಮಳೆಗಾಲದಲ್ಲಿ ಗಟ್ಟಿಯಾಗದ ರೆಸಿನ್: ನನ್ನ ಅನುಭವ

ಕಿಡ್ನಿ ಬಯಾಪ್ಸಿಯ ಪ್ಯಾರಾಫಿನ್ ಬ್ಲಾಕನ್ನು (ಪರೀಕ್ಷೆಗೆ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಮತ್ತೆ ತಯಾರು ಮಾಡಬಹುದು. ಸ್ಲೈಡ್ ನೋಡಿ ಗ್ಲೊಮೆರುಲಸ್ (ಕಿಡ್ನಿಯಲ್ಲಿ ರಕ್ತ ಸೋಸುವ ಸೂಕ್ಷ್ಮನಾಳಗಳ ಗೊಂಚಲು) ಇರುವ ಜಾಗದಿಂದ 1 ಮಿ.ಮೀ. ತುಂಡು ಕತ್ತರಿಸಿ, ಕ್ಸೈಲೀನಿನಲ್ಲಿ ಮೇಣ ತೆಗೆದು, ಆಲ್ಕೋಹಾಲ್ ದಾಟಿಸಿ ಬಫರಿಗೆ. ಆಮೇಲೆ ಅಂಗಾಂಶವನ್ನು ಕೆಡದಂತೆ ಹಿಡಿದಿಡುವ ಗ್ಲುಟರಾಲ್ಡಿಹೈಡ್, ಆಸ್ಮಿಯಂ. ಮತ್ತೆ ಆಲ್ಕೋಹಾಲಿನಿಂದ ನೀರು ತೆಗೆದು ಎಪಾಕ್ಸಿ ರೆಸಿನ್ ತುಂಬಿ, ಅದು ಗಟ್ಟಿಯಾಗಲು 60 ಡಿಗ್ರಿ ಓವನ್.

ಕಾಸರಗೋಡಿನ ಜೂನ್ ಮಳೆ ಗೊತ್ತಲ್ವಾ? ಓವನ್‌ನಿಂದ ತೆಗೆದ ರೆಸಿನ್‌ಗೆ ಸೂಜಿ ಒತ್ತಿದರೆ ಹಸಿ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಸೆಕ್ಷನ್‌ಗಳ (ಬ್ಲಾಕಿನಿಂದ ಕತ್ತರಿಸಿದ ತೆಳು ಪದರಗಳ) ನಡುವೆ ತೂತು ಬೇರೆ. ಸುಮ್ನೆ ಓವನ್ನನ್ನು ಬೈದೆವು. ಅದರ ಉಷ್ಣತೆ ಸರಿಯಾಗಿಯೇ ಇತ್ತು.

ತೂತಿಗೆ ಕಾರಣ ಒಳಗೆ ಉಳಿದ ಪ್ಯಾರಾಫಿನ್ ಮೇಣ. ಕ್ಸೈಲೀನನ್ನು ಹಲವು ಸಲ ಬದಲಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟ ಮೇಲೆ ಸರಿಯಾಯಿತು. ಅಂಟಿಗೆ ಕಾರಣ ತೇವ. ಅಬ್ಸೊಲ್ಯೂಟ್ (ನೀರಿಲ್ಲದ) ಆಲ್ಕೋಹಾಲ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಫ್ರಿಜ್ಜಿನ ರೆಸಿನ್ ಬಾಟಲಿಯನ್ನು ತಣ್ಣಗಿರುವಾಗಲೇ ತೆರೆದರೆ ಒಳಗೂ ಬೆವರುತ್ತದೆ. ಈಗ ಆಲ್ಕೋಹಾಲಿಗೆ ಮಾಲಿಕ್ಯುಲರ್ ಸೀವ್ (ನೀರು ಹೀರುವ ಕಾಳುಗಳು) ಹಾಕಿಡುತ್ತೇವೆ. ರೆಸಿನ್ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ಮುಟ್ಟುವುದಿಲ್ಲ. ಬ್ಲಾಕ್‌ಗಳು ಗಟ್ಟಿಯಾಗಿವೆ.

ಆದರೆ ಹೀಗೆ ಪ್ಯಾರಾಫಿನ್ ಬ್ಲಾಕಿನಿಂದ ತೆಗೆದ ತುಂಡಿನಲ್ಲಿ ಬೇಸ್‌ಮೆಂಟ್ ಮೆಂಬ್ರೇನ್ (ಗ್ಲೊಮೆರುಲಸಿನ ಸೋಸುವ ಪೊರೆ) ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ. ಅದರ ದಪ್ಪ ಅಳೆದು ರಿಪೋರ್ಟ್ ಬರೆಯಬೇಡಿ.